ಎದುರು ಮನೆಯವರು ಮತ್ತು ಒಂದು ಎಕ್ಸೆಲ್ ಶೀಟು

ಆಪ್ತಸಲಹೆಗೆಂದು ನನ್ನ ಬಳಿ ಬಂದ ಇಬ್ಬರ ಕಥೆಯಿದು, ಇಬ್ಬರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಹೆಸರು, ಊರು, ಕೆಲಸದ ಕೆಲವು ವಿವರ ಬದಲಿಸಿದ್ದೇನೆ.

ಶ್ರೀನಿಧಿ ಮೂವತ್ತೈದರ ಆಸುಪಾಸಿನವರು, ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಹಗಲು ಹೊತ್ತು ಸ್ಲಾಟ್ ಸಿಗುವುದು ಕಷ್ಟವಾದ್ದರಿಂದ ರಾತ್ರಿ ಕೆಲಸ ಮಾಡಿ ಬೆಳಗಿನ ಜಾವ ಮನೆಗೆ ಬರುವುದು ರೂಢಿ. ಅದೇ ಹೊತ್ತಿಗೆ ಎದುರು ಫ್ಲ್ಯಾಟಿನ ಮಾನಸಾ ವಾಕಿಂಗ್‌ಗೆ ಹೊರಡುತ್ತಾರೆ. ಮಕ್ಕಳಿಗೆ ನಾಟಕ ಕಲಿಸುವವರು. ಗಣೇಶನ ಹಬ್ಬದ ಚಂದಾದಿಂದ ಹಿಡಿದು ನೀರಿನ ಟ್ಯಾಂಕರ್ ಜಗಳದವರೆಗೆ ಅಪಾರ್ಟ್‌ಮೆಂಟಿನ ಎಲ್ಲದಕ್ಕೂ ಅವರೇ ಬೇಕು.

ರಾಮನವಮಿಯ ದಿನ ಮಾನಸಾ ಒಂದು ಸ್ಟೀಲ್ ಡಬ್ಬಿಯಲ್ಲಿ ಕೋಸಂಬರಿ ಕಳಿಸಿದ್ದರು. ಶ್ರೀನಿಧಿ ಡಬ್ಬಿಯನ್ನು ಫಳಫಳ ತೊಳೆದು, ಮುಚ್ಚಳದ ಮೇಲೆ ಸ್ಯಾಂಪಲ್‌ಗೆ ಅಂಟಿಸುವಂಥ ಚೀಟಿ ಅಂಟಿಸಿ ವಾಪಸ್ ಕೊಟ್ಟರು: ‘ಡಬ್ಬಿ 1, ಮುಚ್ಚಳ ಸಹಿತ, ಖಾಲಿ’. ಆಕೆ ಬಾಗಿಲಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅದು ಅವಮಾನವೋ ಪ್ರೀತಿಯೋ ತಿಳಿಯದೆ ಇವರು ನನ್ನ ಬಳಿ ಬಂದರು.

ಬಂದವರು ಕುಳಿತುಕೊಳ್ಳುವ ಮೊದಲೇ ಲ್ಯಾಪ್‌ಟಾಪ್ ತೆರೆದರು. ಎಕ್ಸೆಲ್ ಶೀಟು. ದಿನಾಂಕ, ವೇಳೆ, ಆಕೆ ಆಡಿದ ಮಾತು, ನಕ್ಕರೋ ಇಲ್ಲವೋ, ಎಷ್ಟು ಸೆಕೆಂಡು ನಿಂತರು. ಪಕ್ಕದಲ್ಲಿ ಇನ್ನೊಂದು ಕಾಲಮ್ಮು: ಹಾಲಿನ ಹುಡುಗ ಮತ್ತು ವಾಚ್‌ಮನ್ ಜೊತೆ ಆಕೆ ಹೇಗೆ ಮಾತಾಡಿದರು ಎಂಬ ಹೋಲಿಕೆ. "ಎಲ್ಲರಿಗೂ ಹೀಗೇ ನಗ್ತಾರೆ ಮೇಡಂ. ಇದರಲ್ಲಿ ಸಿಗ್ನಲ್ ಏನಾದ್ರೂ ಇದೆಯಾ, ಬರೀ ನಾಯ್ಸಾ?" ಎಂದು ಕೇಳಿದರು.

ಪ್ರಶ್ನೆ ಜಾಣತನದ್ದೇ. ಎಲ್ಲರೊಂದಿಗೂ ಬೆರೆಯುವವರ ನಗುವನ್ನು ತಮಗಾಗಿಯೇ ನಕ್ಕಿದ್ದು ಎಂದುಕೊಂಡು ಬರುವವರನ್ನು ನಾನು ಬಹಳ ನೋಡಿದ್ದೇನೆ, ಇವರು ಆ ತಪ್ಪು ಮಾಡಿರಲಿಲ್ಲ. ಆದರೆ ಆ ಶೀಟು ನನಗೆ ಸರಿಬರಲಿಲ್ಲ, ನೇರವಾಗಿಯೇ ಹೇಳಿದೆ. ಬೇಡ ಎಂದು ಸ್ಪಷ್ಟಪಡಿಸಿದ ಮೇಲೂ ಹೆಣ್ಣೊಬ್ಬಳ ಬೆನ್ನು ಬೀಳುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್‌ನಲ್ಲಿ ಅಪರಾಧ. ನೀವು ಮಾಡಿರುವುದು ಅದಲ್ಲ. ಆದರೂ, ತಾನು ಬಂದುಹೋಗುವ ವೇಳೆಯನ್ನೆಲ್ಲ ಎದುರು ಮನೆಯವನು ಬರೆದಿಡುತ್ತಿದ್ದಾನೆಂದು ಗೊತ್ತಾದರೆ ಆಕೆಗೆ ನಗು ಬರುತ್ತದೆಯೇ, ಭಯವಾಗುತ್ತದೆಯೇ? ಅವರ ಮುಖ ಬಿಳಿಚಿಕೊಂಡಿತು. ಅಲ್ಲೇ ಡಿಲೀಟ್ ಮಾಡಿದರು. ಬ್ಯಾಕಪ್ ಕಾಪಿಯನ್ನೂ ಅಳಿಸಿದೆ ಎಂದು ರಾತ್ರಿ ಮೆಸೇಜು ಬಂತು.

ಇಂಟರ್ನೆಟ್ಟಿನಲ್ಲಿ ಆಟಿಸಂ (ಇತರರೊಂದಿಗೆ ಬೆರೆಯುವ, ಸಂವಹಿಸುವ ರೀತಿ ಚಿಕ್ಕಂದಿನಿಂದಲೇ ಭಿನ್ನವಾಗಿರುವ ಸ್ಥಿತಿ) ಪ್ರಶ್ನಾವಳಿಯೊಂದನ್ನು ತುಂಬಿ ಅಂಕವನ್ನೂ ತಂದಿದ್ದರು. 2001ರಲ್ಲಿ ಮನೋವಿಜ್ಞಾನಿ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರು ರೂಪಿಸಿದ 50 ಪ್ರಶ್ನೆಗಳ ಪಟ್ಟಿ ಅದು. ಅದೊಂದರಿಂದಲೇ ರೋಗನಿರ್ಣಯ ಆಗುವುದಿಲ್ಲ. ಬೇಕಿದ್ದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಪೂರ್ತಿ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದುಕೊಟ್ಟೆ. ಆದರೆ ಒಬ್ಬರನ್ನು ವಾಕ್‌ಗೆ ಕರೆಯಲು ಅದರ ರಿಪೋರ್ಟು ಬರುವವರೆಗೆ ಕಾಯಬೇಕಿಲ್ಲ ಎಂದೂ ಹೇಳಿದೆ.

ಮಾತು ಮುಗಿದ ಮೇಲೆ ‘ಛೆ, ಎಷ್ಟು ಪೆದ್ದನಂತೆ ಕಂಡೆ’ ಎಂದು ಗಂಟೆಗಟ್ಟಲೆ ಕೊರಗುವುದು ಅವರ ಇನ್ನೊಂದು ಕಷ್ಟ. ಇಲ್ಲಿ 2018ರ ಒಂದು ಅಧ್ಯಯನ ನೆರವಿಗೆ ಬಂತು. ಮನೋವಿಜ್ಞಾನಿಗಳಾದ ಎರಿಕಾ ಬೂತ್‌ಬಿ, ಗಸ್ ಕೂನಿ ಮತ್ತಿತರರು ಅಪರಿಚಿತರನ್ನು ಮಾತಿಗೆ ಕೂರಿಸಿ, ಆಮೇಲೆ ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದರು. ಎದುರಿನವರಿಗೆ ತಾವು ಎಷ್ಟು ಇಷ್ಟವಾದೆವು ಎಂಬುದನ್ನು ಜನ ಸಾಮಾನ್ಯವಾಗಿ ಕಡಿಮೆಯೇ ಅಂದಾಜು ಮಾಡುತ್ತಾರೆ. ಇಂಥ ವಿಷಯದಲ್ಲಿ ‘ಧೈರ್ಯವಾಗಿರಿ’ ಅಂದರೆ ಶ್ರೀನಿಧಿಯಂಥವರಿಗೆ ತಾಗುವುದಿಲ್ಲ, ಪ್ರಯೋಗದ ವಿಧಾನ ಹೇಳಿದರೆ ತಾಗುತ್ತದೆ. ಸ್ಯಾಂಪಲ್ ಎಷ್ಟಿತ್ತು ಎಂದು ಕೇಳಿದರು, ಪೇಪರ್ ತೆಗೆದು ಓದಿದರು, ಮುಂದಿನ ಸಲ ಸ್ವಲ್ಪ ನೆಟ್ಟಗೆ ಕೂತರು.

ಕೇಳುವುದು ಹೇಗೆ ಎಂಬುದರ ಮೇಲೆ ಹೆಚ್ಚು ಹೊತ್ತು ಕಳೆದೆವು. ನೆರೆಯವರಿಗೆ ಒಂದು ತೊಡಕಿದೆ: ಬೇಡ ಎಂದ ಮೇಲೂ ನಾಳೆ ಅದೇ ಮೆಟ್ಟಿಲು, ಅದೇ ಮುಖ. ಆದ್ದರಿಂದ ಲಿಫ್ಟಿನೊಳಗೆ ಕೇಳಬೇಡಿ, ಅವರ ಬಾಗಿಲಲ್ಲಿ ನಿಂತು ಕೇಳಬೇಡಿ, ಬೇಕೆಂದಾಗ ನಡೆದು ಹೋಗಬಹುದಾದ ಜಾಗದಲ್ಲಿ ಕೇಳಿ ಎಂದೆ. ಉದ್ದನೆಯ ಪತ್ರವೂ ಬೇಡ. ಅವರು ಮೂರು ಪುಟ ಬರೆದು ತಂದಿದ್ದರು, ಅದರಲ್ಲಿ ಅಡಿಟಿಪ್ಪಣಿಗಳೂ ಇದ್ದವು! ಕಡೆಗೆ ಉಳಿದದ್ದು ಇಷ್ಟು: "ಶನಿವಾರ ಸಂಜೆ ಸ್ಯಾಂಕಿ ಕೆರೆ ಹತ್ರ ವಾಕ್‌ಗೆ ಬರ್ತೀರಾ? ಬರೀ ನೆರೆಯವರು ಅಂತ ಕರೀತಿಲ್ಲ. ಬೇಡ ಅಂದ್ರೆ ನನಗೇನೂ ಬೇಜಾರಿಲ್ಲ." ಕೊನೆಯ ವಾಕ್ಯ ಸುಳ್ಳಾಗುತ್ತದೆ, ಬೇಜಾರಂತೂ ಆಗೇ ಆಗುತ್ತದೆ ಎಂದು ಅವರು ತಕರಾರು ತೆಗೆದರು. ಸರಿ ಎನಿಸಿತು. ‘ಬೇಡ ಅಂದ್ರೆ ಮತ್ತೆ ಕೇಳಲ್ಲ’ ಎಂದು ಬದಲಿಸಿದೆವು. ಆಕೆಗೆ ಬೇಕಾದ ಭರವಸೆಯೂ ಅದೇ. ಸ್ಪಷ್ಟವಾದ ಹೂಂ ಬರದಿದ್ದರೆ ಬೇಡ ಎಂದೇ ಲೆಕ್ಕ, ಆ ವಿಷಯ ಅಲ್ಲಿಗೆ ಮುಗಿಸಬೇಕು ಎಂದು ಮೊದಲೇ ಒಪ್ಪಿಸಿಕೊಂಡೆ.

ಆಕೆ ಬಂದರು. ಅದರ ವಿವರ ನನಗೂ ಪೂರ್ತಿ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಕೆಲವು ತಿಂಗಳ ನಂತರ ಇಬ್ಬರೂ ಒಟ್ಟಿಗೆ ಬಂದರು, ಈ ಸಲ ದೂರು ಮಾನಸಾ ಅವರದು. "ಐದು ನಿಮಿಷದ ವಾಯ್ಸ್ ನೋಟ್ ಕಳಿಸಿದ್ರೆ ಒಂದು ಥಂಬ್ಸ್ ಅಪ್. ನನ್ನ ಸ್ನೇಹಿತರು ಬಂದ್ರೆ ಅಡುಗೆಮನೆ ಸೇರ್ಕೋತಾರೆ. ಮೊದಲು ಜಂಬ ಅಂದ್ಕೊಂಡಿದ್ದೆ, ಈಗ ನಾನೇ ಬೇಡ್ವೇನೋ ಅನ್ಸುತ್ತೆ." ಶ್ರೀನಿಧಿ ಬೆರಗಾಗಿ ನೋಡಿದರು. ಆಕೆಯ ಪ್ರತಿಯೊಂದು ವಾಯ್ಸ್ ನೋಟನ್ನೂ ಅವರು ಎರಡೆರಡು ಸಲ ಕೇಳುತ್ತಿದ್ದರು, ಉತ್ತರ ಹೊಳೆಯದೆ ಥಂಬ್ಸ್ ಅಪ್ ಒತ್ತುತ್ತಿದ್ದರು.

2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಸಮಾಜಶಾಸ್ತ್ರಜ್ಞ ಆಟಿಸಂ ಕುರಿತು ಹೇಳಿದ್ದು ಇಲ್ಲಿಯೂ ನನಗೆ ಉಪಯೋಗಕ್ಕೆ ಬರುತ್ತದೆ: ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ, ಒಬ್ಬರ ಕೊರತೆಯಲ್ಲ. ಶ್ರೀನಿಧಿಯನ್ನು ತಿದ್ದುವುದಷ್ಟೇ ಕೆಲಸವೆಂದು ಮಾನಸಾ ನಂಬಿ ಬಂದಿದ್ದರು. ನಾನು ಒಪ್ಪಲಿಲ್ಲ. ಬಂದವರ ಮುಂದೆ "ನಮ್ಮ ಸೈಂಟಿಸ್ಟ್ ಸಾಹೇಬ್ರು ಮಾತಾಡಲ್ಲ ನೋಡಿ" ಎಂದು ಅವರನ್ನು ತಮಾಷೆಯ ವಸ್ತು ಮಾಡುವುದನ್ನು ಮೊದಲು ನಿಲ್ಲಿಸಿ ಎಂದೆ. ಆಕೆಗದು ಕಹಿಯಾಯಿತು, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಶ್ರೀನಿಧಿಗೆ ಹೇಳಿದ್ದು, ಉತ್ತರ ಹೊಳೆಯದಿದ್ದರೆ ‘ಕೇಳಿದೆ, ರಾತ್ರಿ ಹೇಳ್ತೀನಿ’ ಎಂದಾದರೂ ಬರೆಯಿರಿ, ರಾತ್ರಿ ಹೇಳಿ. ಜನರ ನಡುವೆ ಸಾಕೆನಿಸಿದಾಗ ಹೇಳದೆ ಮಾಯವಾಗುವ ಬದಲು ಆಕೆಯ ಬಳಿ ಹೋಗಿ ‘ಹೊರಡ್ತೀನಿ’ ಎಂದು ಹೇಳಿ ಹೊರಡಿ, ಆಕೆ ತಡೆಯಬಾರದು. ಆಕೆ ಉಳಿದರೆ ಅವರು ಮುನಿಯಬಾರದು.

ಈಗ ಬಾಕಿ ಇರುವುದು ಮನೆಯವರು. ಜಾತಿ ಬೇರೆ, ಮಾನಸಾ ವಯಸ್ಸಿನಲ್ಲಿ ಎರಡು ವರ್ಷ ದೊಡ್ಡವರು. ಮಾತು ಬಲ್ಲವಳು ನಾನೇ, ಎರಡೂ ಮನೆಗೆ ನಾನೇ ಹೇಳುತ್ತೇನೆ ಎಂದು ಆಕೆ ಹೊರಟಿದ್ದರು. ಬೇಡ ಎಂದೆ. ಶ್ರೀನಿಧಿ ತಮ್ಮ ತಾಯಿಗೆ ತಾವೇ ಹೇಳಲಿ, ಚೀಟಿ ನೋಡಿಕೊಂಡು ಓದಿದರೂ ಸರಿ. ಆದರೆ ದೀಪಾವಳಿಯವರೆಗೆ ಕಾಯುವುದು ಬೇಡ, ಈ ವಾರವೇ ಹಾಸನಕ್ಕೆ ಹೋಗಿಬನ್ನಿ ಎಂದಿದ್ದೇನೆ. ಎರಡನೇ ಮಹಡಿಯ ಆಂಟಿ ಆ ತಾಯಿಯ ಫೋನ್ ನಂಬರ್ ಆಗಲೇ ಸಂಪಾದಿಸಿದ್ದಾರಂತೆ.