ಹಪ್ಪಳ ಕಾಯುವ ಅತ್ತಿಗೆ

ನಮಸ್ಕಾರ.

ನಿಮ್ಮ ‘ರೆಕ್ಕೆ’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಗೆ ಹಾಕಿಕೊಳ್ಳಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ.

ತೀರ್ಥಹಳ್ಳಿ ಕಡೆಯ ಮನೆ. ಓದು ಅರ್ಧಕ್ಕೆ ಬಿಟ್ಟು ಮದುವೆಯಾಗಿ ಬಂದ ಅತ್ತಿಗೆ ಅಂಗಳದಲ್ಲಿ ಹಲಸಿನ ಹಪ್ಪಳ ಕಾಯುತ್ತಾಳೆ. ತಲೆ ಎತ್ತಿದಾಗಲೆಲ್ಲ ಹಕ್ಕಿ ಹಾರುತ್ತದೆ, ಅವಳು ನಿಟ್ಟುಸಿರು ಬಿಡುತ್ತಾಳೆ. ಕೊನೆಗೆ ಪಂಜರದ ಗಿಳಿಯನ್ನು ಹಾರಿಬಿಡುತ್ತಾಳೆ. ಇಷ್ಟೇ ಅಲ್ವಾ?

ಗಿಳಿ ತೆಗೆಯಿರಿ. ಅದನ್ನು ಸಾಕುವುದೇ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ಅದಿರಲಿ. ಪಂಜರ ತೆರೆದು ಮುಗಿಯುವ ಕಥೆ ನನ್ನ ಮೇಜಿಗೆ ತಿಂಗಳಿಗೆ ಎರಡಾದರೂ ಬರುತ್ತದೆ.

ಆರು ಪುಟದಲ್ಲಿ ‘ಹಕ್ಕಿ’ 23 ಸಲ ಬಂದಿದೆ. ಯಾವ ಹಕ್ಕಿ ಅಂತ ಒಮ್ಮೆಯೂ ಇಲ್ಲ. ಮೂರನೇ ಪುಟದಲ್ಲಿ ತುಂಗಾ ತೀರದ ಪಕ್ಷಿಧಾಮ ಮಂಡಗದ್ದೆಯ ಮರದ ಮೇಲೆ ‘ಕಪ್ಪು ಹಕ್ಕಿಯೊಂದು ರೆಕ್ಕೆ ಬಿಚ್ಚಿ ಸ್ವಾತಂತ್ರ್ಯ ಸಾರುತ್ತಿತ್ತು’ ಅಂದಿದ್ದೀರಿ. ಅದು ನೀರುಕಾಗೆ ಕಣ್ರೀ! ಮೀನಿಗಾಗಿ ಮುಳುಗಿ ಎದ್ದಿದೆ, ಗರಿ ನೀರು ಹೀರಿಕೊಂಡಿದೆ, ಬಿಸಿಲಿಗೆ ಒಣಗಿಸಿಕೊಳ್ಳುತ್ತಿದೆ. ಅತ್ತಿಗೆ ಹಪ್ಪಳ ಒಣಗಿಸಿದ ಹಾಗೇ. ಸ್ವಾತಂತ್ರ್ಯದ ಮಾತು ಬಿಟ್ಟು ಇದನ್ನೇ ಬರೆದಿದ್ದರೆ ನಾನು ಎದ್ದು ಕೂರುತ್ತಿದ್ದೆ.

ಆದರೆ ಇನ್ನೊಂದು ಎಡವಟ್ಟಿದೆ. ಹಲಸಿನ ಹಪ್ಪಳ ಬೇಸಿಗೆಯದು. ಮಂಡಗದ್ದೆಯ ನಡುಗಡ್ಡೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿ ಗದ್ದಲ ಎಬ್ಬಿಸುವುದು ತುಂಗೆ ತುಂಬಿದ ಮೇಲೆ. ಎರಡನ್ನೂ ಒಂದೇ ಮಧ್ಯಾಹ್ನಕ್ಕೆ ತುರುಕಿದ್ದೀರಿ. ಶಿವಮೊಗ್ಗದಿಂದ ತೀರ್ಥಹಳ್ಳಿ ಬಸ್ಸು ಹತ್ತಿದರೆ ಮಂಡಗದ್ದೆ 30 ಕಿಲೋಮೀಟರ್. ಮಳೆ ಹಿಡಿದ ಮೇಲೆ ಒಮ್ಮೆ ಇಳಿದು ನೋಡಿ. ಮರಿಗಳ ಬಾಯಿಗೆ ತುತ್ತು ತರಲು ಬೆಳ್ಳಕ್ಕಿ ದಿನವಿಡೀ ಹೋಗಿ ಬರುತ್ತದೆ. ಆ ಹಾರಾಟ ನನಗಂತೂ ಸಂಸಾರದ ಹಾಗೇ ಕಾಣುತ್ತದೆ.

ಬೇಸಿಗೆಯ ಹಕ್ಕಿಯೇ ಬೇಕಿದ್ದರೆ ದೊಡ್ಡ ಕೊಕ್ಕಿನ ಮಂಗಟ್ಟೆ (ಹಾರ್ನ್‌ಬಿಲ್) ಇದೆ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಹೋಗಿ ಪೊಟರೆಯ ಬಾಯಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸಂದಿ ಮಾತ್ರ ಉಳಿಯುತ್ತದೆ. ಗಂಡು ಅಲ್ಲಿಂದಲೇ ಹಣ್ಣು ಕೊಡುತ್ತದೆ. ಒಳಗಿರುವಾಗ ಹೆಣ್ಣಿನ ಹಾರುವ ಗರಿಗಳೂ ಉದುರಿ ಹೊಸದು ಬರುತ್ತವೆ. ಆಮೇಲೆ ಗೋಡೆ ಒಡೆದು ಬರುತ್ತದೆ. ಇದನ್ನು ಸೆರೆ ಅನ್ನುತ್ತೀರೋ, ಬೇರೇನಾದರೂ ಅನ್ನುತ್ತೀರೋ? ನನಗೆ ತೀರ್ಮಾನ ಬೇಡ. ‘ಅತ್ತಿಗೆ ಮಂಗಟ್ಟೆಯಂತೆ’ ಅಂತ ಮಾತ್ರ ದಯವಿಟ್ಟು ಬರೆಯಬೇಡಿ. ತೋಟದ ಅಂಚಿನ ಮರದಲ್ಲಿ ಅದು ಇದ್ದರೆ ಸಾಕು.

ಕಾಗುಣಿತ ನಾವು ನೋಡಿಕೊಳ್ಳುತ್ತೇವೆ.

ನನಗೆ ತುಂಬಾ ಹಿಡಿಸಿದ್ದು ಎರಡನೇ ಪುಟದ ಒಂದು ಸಾಲು: ‘ಅತ್ತಿಗೆ ಕೋಲು ಎತ್ತಿದಳು, ಹೊಡೆಯಲಿಲ್ಲ.’ ಹಪ್ಪಳಕ್ಕೆ ಕಾಗೆ ಬಂದಿದೆ. ಇಡೀ ದಿನ ಹಕ್ಕಿ ಓಡಿಸುವುದೇ ಅವಳ ಕೆಲಸ. ಹಾರುವುದನ್ನು ಕಂಡು ಆಸೆಪಡುವವಳೂ ಅವಳೇ. ಇಂಥ ಜಾಗ ಸಿಕ್ಕಿದಾಗ ನಿಲ್ಲಬೇಕಲ್ವಾ? ನೀವು ತಕ್ಷಣ ಆಕಾಶಕ್ಕೆ ಓಡಿದ್ದೀರಿ.

ಅಲ್ಲಿಂದ ಮತ್ತೆ ಬರೆಯಿರಿ. ಅವಳು ಕೋಲು ಯಾಕೆ ತಡೆದಳು, ಕಾಗೆ ಎಷ್ಟು ಹಪ್ಪಳ ಒಯ್ದಿತು, ಸಂಜೆ ಎಣಿಸುವಾಗ ಅತ್ತೆ ಏನಂದರು? ನಾಲ್ಕು ಪುಟ ಸಾಕು.