ಎಕ್ಸ್‌ರೇ ಸರಿಯಿದ್ದರೂ ಉಬ್ಬಸವೇಕೆ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಕಾಂಗ್ರೆಸ್ ಗಿಡ ಹೂ ಬಿಡುವ ಕಾಲಕ್ಕೆ ಸೀನು, ನೆಗಡಿ ಶುರುವಾಗಿ ಬೆಳಗಿನ ಜಾವದಲ್ಲಿ ಉಬ್ಬಸಕ್ಕೆ ತಿರುಗುತ್ತದೆ. ಬೆನ್ನಿಗೆ ಕಿವಿಯಿಟ್ಟು ಕೇಳಿದರೆ ಒಂದು ಕಡೆ ಸುಂಯ್ ಎಂಬ ಸದ್ದು ಜೋರಾಗಿರುತ್ತದೆ, ಇನ್ನೊಂದು ಕಡೆ ಉಸಿರಿನ ಸದ್ದೇ ಕಡಿಮೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ, ಊದಿಸಿ ನೋಡುವ ಪರೀಕ್ಷೆಯೂ ಹೆಚ್ಚುಕಡಿಮೆ ಸರಿಯಾಗಿದೆ ಎನ್ನುತ್ತಾರೆ. ಶ್ವಾಸಕೋಶದ ಯಾವ ಭಾಗಕ್ಕೆ ಗಾಳಿ ಹೋಗುತ್ತಿಲ್ಲವೆಂದು ತೋರಿಸುವ ಸ್ಕ್ಯಾನ್ ಇದೆಯಂತೆ. ಅದನ್ನು ಮಾಡಿಸಬೇಕೆ?
— ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಕಿವಿಗೆ ಕೇಳಿಸಿದ್ದು ಭ್ರಮೆಯಲ್ಲ. ಅಸ್ತಮಾದಲ್ಲಿ ಶ್ವಾಸನಾಳಗಳೆಲ್ಲ ಒಂದೇ ಸಮನೆ ಕಿರಿದಾಗುವುದಿಲ್ಲ. ಪರಾಗ ಒಳಹೊಕ್ಕ ಕೆಲವೇ ನಿಮಿಷಗಳಲ್ಲಿ ನಾಳದ ಗೋಡೆಯ ಮಾಸ್ಟ್ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಸುರಿಸುತ್ತವೆ, ಸ್ನಾಯು ಬಿಗಿಯುತ್ತದೆ; ಕೆಲವು ಗಂಟೆಗಳ ಬಳಿಕ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಸೇರಿ, ಗೋಡೆ ಊದಿಕೊಂಡು, ಅಂಟಂಟಾದ ಕಫ ನಾಳಕ್ಕೆ ಬಿರಡೆಯಂತೆ ಕೂರುತ್ತದೆ. ನಾಳದ ತ್ರಿಜ್ಯ ಅರ್ಧಕ್ಕಿಳಿದರೆ, ಗಾಳಿ ಸರಾಗವಾಗಿ ಹರಿಯುತ್ತಿದ್ದರೂ ಅದಕ್ಕೆ ಎದುರಾಗುವ ತಡೆ 16 ಪಟ್ಟಾಗುತ್ತದೆ. ಇದೆಲ್ಲ 2 ಮಿಲಿಮೀಟರ್‌ಗಿಂತ ಸಣ್ಣ ನಾಳಗಳಲ್ಲಿ ನಡೆದಾಗ ಎಕ್ಸ್‌ರೇಗೆ ಕಾಣುವುದೇ ಇಲ್ಲ, ಏಕೆಂದರೆ ಒಳಗೆ ಸಿಕ್ಕಿಕೊಂಡ ಹಳೆಯ ಗಾಳಿಯೂ ಆಗಷ್ಟೇ ಬಂದ ಹೊಸ ಗಾಳಿಯೂ ಅದರಲ್ಲಿ ಒಂದೇ ಕಪ್ಪು. ಊದುವ ಪರೀಕ್ಷೆ ಕೊಡುವುದು ಎರಡೂ ಶ್ವಾಸಕೋಶಗಳಿಗೆ ಸೇರಿದ ಒಟ್ಟು ಅಂಕಿಗಳನ್ನು. ಚೆನ್ನಾಗಿರುವ ಭಾಗಗಳು ಕೆಟ್ಟ ಭಾಗದ ಕೊರತೆಯನ್ನು ಅದರಲ್ಲಿ ಮುಚ್ಚಿಬಿಡಬಹುದು.

ನೀವು ಕೇಳಿದ ಸ್ಕ್ಯಾನ್ ಬಹುಶಃ ಕ್ಸೆನಾನ್ ಎಂಆರ್‌ಐ ಇರಬೇಕು. ಸಾಮಾನ್ಯ ಎಂಆರ್‌ಐ ದೇಹದ ನೀರಿನಲ್ಲಿರುವ ಹೈಡ್ರೋಜನ್ನಿನಿಂದ ಚಿತ್ರ ತೆಗೆಯುತ್ತದೆ. ಬಹುಪಾಲು ಗಾಳಿಯೇ ತುಂಬಿದ ಶ್ವಾಸಕೋಶ ಅದರಲ್ಲಿ ಬರಿದಾಗಿ ಕಾಣುತ್ತದೆ. ಆದ್ದರಿಂದ ಕ್ಸೆನಾನ್-129 ಅನಿಲವನ್ನು ಲೇಸರ್ ಮತ್ತು ರುಬಿಡಿಯಂ ಎಂಬ ಲೋಹದ ಆವಿಯ ನೆರವಿನಿಂದ ಮೊದಲೇ ಅಣಿಗೊಳಿಸಿ, ಅದರ ಸಂಕೇತವನ್ನು ಸಾವಿರಾರು ಪಟ್ಟು ಹೆಚ್ಚಿಸುತ್ತಾರೆ. 1994ರಲ್ಲಿ ಇದನ್ನು ಮೊದಲು ತೋರಿಸಿದ್ದು ಇಲಿಯ ಶ್ವಾಸಕೋಶದಲ್ಲಿ. ರೋಗಿ ಯಂತ್ರದೊಳಗೆ ಮಲಗಿ, ಸಣ್ಣ ಚೀಲದಲ್ಲಿರುವ ಅನಿಲವನ್ನು ಒಮ್ಮೆ ಎಳೆದುಕೊಂಡು ಹತ್ತು ಹದಿನೈದು ಸೆಕೆಂಡು ಉಸಿರು ಬಿಗಿಹಿಡಿಯಬೇಕು; ಆಮ್ಲಜನಕ ತಾಗಿದೊಡನೆ ಆ ಸಂಕೇತ ಕರಗತೊಡಗುವುದರಿಂದ ಅಷ್ಟರೊಳಗೆ ಚಿತ್ರ ಮುಗಿಯಬೇಕು. ಅನಿಲ ತಲುಪಿದ ಜಾಗ ಬೆಳ್ಳಗೆ ಬೆಳಗುತ್ತದೆ. ತಲುಪದ ಜಾಗ ಕಪ್ಪಾಗಿ, ಎಷ್ಟೋ ಸಲ ಹೋಳಿಗೆಯಿಂದ ಕತ್ತರಿಸಿ ತೆಗೆದ ತುಂಡಿನ ಆಕಾರದಲ್ಲಿ, ಶ್ವಾಸಕೋಶದ ಅಂಚಿಗೆ ತಾಗಿಕೊಂಡಿರುತ್ತದೆ. ಊದುವ ಪರೀಕ್ಷೆ ಸರಿಯಿರುವ ಅಸ್ತಮಾ ರೋಗಿಗಳಲ್ಲೂ ಇಂಥ ಕಪ್ಪು ತುಂಡುಗಳು ಸಿಕ್ಕಿವೆ.

ನನ್ನನ್ನು ಬಹುವಾಗಿ ಸೆಳೆದ ಸಂಗತಿ ಬೇರೆಯೇ ಇದೆ. ಇದೇ ಬಗೆಯಲ್ಲಿ ಹೀಲಿಯಂ-3 ಎಂಬ ಅನಿಲ ಬಳಸಿ ಒಬ್ಬರನ್ನೇ ವಾರಗಳ ಅಂತರದಲ್ಲಿ ಮತ್ತೆ ನೋಡಿದಾಗ ಕಪ್ಪು ತುಂಡುಗಳಲ್ಲಿ ಗಣನೀಯ ಪಾಲು ಹಿಂದಿನ ಜಾಗದಲ್ಲೇ ಕಂಡವು. ಕಫದ ಬಿರಡೆ ಅಲ್ಲಲ್ಲೇ ಉಳಿಯುವುದು ಇದಕ್ಕೊಂದು ಕಾರಣವಿರಬಹುದು. ಆದರೆ ತುಂಡು ತುಂಡಾಗಿಯೇ ಏಕೆ ಮುಚ್ಚಬೇಕು? 2005ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸಂಶೋಧಕರು ಪೆಟ್ ಸ್ಕ್ಯಾನನ್ನೂ (ದೇಹದೊಳಗೆ ಸೇರಿಸಿದ ವಿಕಿರಣಶೀಲ ವಸ್ತುವಿನ ಜಾಡು ಹಿಡಿದು ಚಿತ್ರ ತೆಗೆಯುವ ವಿಧಾನ) ಗಣಿತದ ಮಾದರಿಯನ್ನೂ ಜೋಡಿಸಿ ಇದಕ್ಕೆ ಉತ್ತರ ಕೊಟ್ಟರು. ನಾಳವನ್ನು ಸುತ್ತಲಿನ ಅಂಗಾಂಶ ಪ್ರತಿ ಉಸಿರಿಗೂ ಹೊರಕ್ಕೆ ಎಳೆದು ತೆರೆದಿಡುತ್ತದೆ. ಒಂದು ನಾಳ ತುಸು ಕಿರಿದಾದರೆ ಅದರ ಪಾಲಿನ ಭಾಗ ಕಡಿಮೆ ಹಿಗ್ಗುತ್ತದೆ, ಎಳೆತ ಸಡಿಲವಾಗುತ್ತದೆ, ನಾಳ ಇನ್ನಷ್ಟು ಮುಚ್ಚುತ್ತದೆ. ಅಲ್ಲಿಗೆ ಹೋಗದ ಗಾಳಿ ಉಳಿದ ಭಾಗಗಳಿಗೆ ನುಗ್ಗಿ ಅವುಗಳನ್ನು ಇನ್ನಷ್ಟು ತೆರೆಯುತ್ತದೆ. ಹೀಗೆ ಸ್ನಾಯು ಎಲ್ಲೆಡೆ ಸಮನಾಗಿ ಬಿಗಿದರೂ ಶ್ವಾಸಕೋಶ ತಾನಾಗಿಯೇ ಗಾಳಿಯಿರುವ, ಗಾಳಿಯಿಲ್ಲದ ದ್ವೀಪಗಳಾಗಿ ಒಡೆಯಬಲ್ಲದು. ಇನ್‌ಹೇಲರಿನ ಔಷಧಿಯೂ ಗಾಳಿಯ ದಾರಿಯನ್ನೇ ಹಿಡಿಯುವುದರಿಂದ, ಅತಿ ಅಗತ್ಯವಿರುವ ಮುಚ್ಚಿದ ಭಾಗಕ್ಕೇ ಅದು ಕಡಿಮೆ ತಲುಪುತ್ತದೆ. ತೀವ್ರ ಉಬ್ಬಸದಲ್ಲಿ ಮತ್ತೆ ಮತ್ತೆ ನೆಬ್ಯುಲೈಸರ್ ಕೊಡುವುದರ ಜೊತೆಗೆ, ರಕ್ತದ ಮೂಲಕ ಹೋಗುವ ಸ್ಟೀರಾಯ್ಡ್ ಮಾತ್ರೆಯೂ ಬೇಕಾಗುವುದಕ್ಕೆ ಇದೂ ಒಂದು ಕಾರಣ.

ಇನ್ನು ಮಾಡಿಸಬೇಕೆ ಎಂಬ ಪ್ರಶ್ನೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಕ್ಸೆನಾನ್ ಅನಿಲಕ್ಕೆ 12 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಬಳಸಲು ಒಪ್ಪಿಗೆ ಕೊಟ್ಟಿತು. ವಿಕಿರಣದ ಭಯವೂ ಇದರಲ್ಲಿಲ್ಲ. ಆದರೆ ಅನಿಲ ಸಿದ್ಧಪಡಿಸುವ ವಿಶೇಷ ಯಂತ್ರ ಬೇಕಾದ ಈ ಪರೀಕ್ಷೆ ಆಸ್ಪತ್ರೆಗಳ ನಿತ್ಯದ ಪರೀಕ್ಷೆಯಲ್ಲ, ನಿಮ್ಮ ಮಗಳ ಚಿಕಿತ್ಸೆಗೆ ಅದು ಅನಿವಾರ್ಯವೂ ಅಲ್ಲ. ಅದರ ಬದಲಿಗೆ ಸಿಟಿ ಸ್ಕ್ಯಾನ್ ಮಾಡಿಸೋಣವೆಂದೂ ಹೊರಡಬೇಡಿ. ಬೆಳೆಯುವ ಮಗುವಿಗೆ ಕಾರಣವಿಲ್ಲದೆ ವಿಕಿರಣ ಬೇಡ. ಉಬ್ಬಸವಿರುವ ದಿನವೇ, ಔಷಧಿ ಕೊಡುವ ಮೊದಲೊಮ್ಮೆ, ಕೊಟ್ಟು ಕಾಲು ಗಂಟೆ ಕಳೆದ ಮೇಲೊಮ್ಮೆ ಊದಿಸಿ ನೋಡುವಂತೆ ವೈದ್ಯರನ್ನು ಕೇಳಿ. ಸ್ಪೇಸರ್ (ಇನ್‌ಹೇಲರಿಗೆ ಸಿಕ್ಕಿಸುವ ಕೊಳವೆಯಂಥ ಡಬ್ಬಿ) ಜೋಡಿಸಿ ಇನ್‌ಹೇಲರ್ ಎಳೆಯುವುದನ್ನು ಮಗಳು ಅವರ ಎದುರಿಗೇ ಮಾಡಿ ತೋರಿಸಲಿ. ಉರಿಯೂತ ತಗ್ಗಿಸುವ ಇನ್‌ಹೇಲರನ್ನು ಬರೆದುಕೊಟ್ಟಿದ್ದರೆ ಸದ್ದು ನಿಂತ ಮಾತ್ರಕ್ಕೆ ಬಿಡಿಸಬೇಡಿ. ಸದ್ದಿನ ಈ ವ್ಯತ್ಯಾಸ ಪ್ರತಿ ಸಲವೂ ಅದೇ ಕಡೆ ಇದ್ದು, ಔಷಧಿಗೂ ಬಗ್ಗದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ; ಅಲ್ಲಿ ನಾಳದೊಳಗೆ ಬೇರೇನಾದರೂ ಸಿಕ್ಕಿಕೊಂಡಿದೆಯೇ ಎಂದು ಅವರು ನೋಡಬೇಕಾಗುತ್ತದೆ.