ಚೀಲ ಎಸೆಯುವ ಮೊದಲು

ಶಿವಮೊಗ್ಗದ ಓದುಗರೊಬ್ಬರ ಪತ್ರ ನಾಲ್ಕು ಪುಟ ಇದೆ. ತಿರುಳು ಇಷ್ಟು: ಮನೆಯಲ್ಲಿ ಒಂದು ನಾಯಿ, ಎರಡು ಬೆಕ್ಕು. ನ್ಯೂಜೆರ್ಸಿಯಲ್ಲಿರುವ ತಂಗಿ ಫೋನ್ ಮಾಡಿ, "ಇಲ್ಲಿ ಒಂದು ಕಂಪನಿಯ ನಾಯಿ ತಿಂಡಿ ವಾಪಸ್ ತಗೊಳ್ತಿದ್ದಾರೆ, ನೀನು ಹಾಕೋದು ಯಾವುದು ನೋಡು" ಎಂದರಂತೆ. ಇವರು ಅಂಗಡಿಗೆ ಹೋಗಿ ಕೇಳಿದರೆ ಅಂಗಡಿಯವರು ನಕ್ಕು, "ಅದೆಲ್ಲ ಅಮೆರಿಕದ ಕಥೆ ಸರ್" ಎಂದು ಕಳಿಸಿದರು. "ನಮ್ಮಲ್ಲಿ ಇಂಥ ಸುದ್ದಿ ಕೇಳುವುದೇ ಇಲ್ಲವಲ್ಲ, ನಮ್ಮ ಸರಕು ಅಷ್ಟು ಶುದ್ಧವೇ? ಅಥವಾ ಪ್ಯಾಕೆಟ್ ಸಹವಾಸವೇ ಬೇಡವೆಂದು ಅನ್ನ-ಮೊಸರಿಗೆ ಮರಳಲೇ?" ಎಂಬುದು ಅವರ ಪ್ರಶ್ನೆ.

ಶುದ್ಧತೆಯ ಮಾತು ಆಮೇಲೆ. ಸರಕನ್ನು ವಾಪಸ್ ಕರೆಯಬೇಕಾದರೆ ಯಾವ ಚೀಲ ಯಾವ ದಿನ ಎಲ್ಲಿ ತಯಾರಾಯಿತು, ಎಲ್ಲಿಗೆ ಹೋಯಿತು ಎಂಬ ಲೆಕ್ಕ ಇರಬೇಕು. ಲೆಕ್ಕ ಇಲ್ಲದ ಕಡೆ ವಾಪಸಾತಿಯೂ ಇರುವುದಿಲ್ಲ. ಸುದ್ದಿ ಇಲ್ಲವೆಂದ ಮಾತ್ರಕ್ಕೆ ತೊಂದರೆ ಇಲ್ಲ ಎಂದಲ್ಲ.

ನನಗೇ ಆದದ್ದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಅಂಗಡಿಯೊಂದರಲ್ಲಿ ದೊಡ್ಡ ಮೂಟೆಯಿಂದ ತೂಗಿ ಕೊಡುವ ಬೆಕ್ಕಿನ ಬಿಸ್ಕತ್ತು ತರುತ್ತಿದ್ದೆ, ಕಿಲೋಗೆ ಐವತ್ತು ರೂಪಾಯಿ ಉಳಿಯುತ್ತದೆಂದು. ಒಂದು ಸಲ ತಂದದ್ದನ್ನು ತಿಂದ ನಮ್ಮ ಬೆಕ್ಕು ಎರಡು ದಿನ ವಾಂತಿ ಮಾಡಿತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಯಾವ ಕಂಪನಿ, ಬ್ಯಾಚ್ ನಂಬರ್ ಎಷ್ಟು?" ನನ್ನ ಕೈಯಲ್ಲಿದ್ದದ್ದು ಗಂಟು ಹಾಕಿದ ಒಂದು ಬಿಳಿ ಪ್ಲಾಸ್ಟಿಕ್ ಕವರು. ಅಂಗಡಿಗೆ ಹೋದರೆ ಮೂಟೆ ಖಾಲಿಯಾಗಿ ಆಗಲೇ ಗುಜರಿಗೆ ಹೋಗಿತ್ತು. ಬೆಕ್ಕು ಉಳಿಯಿತು. ತಿಂಡಿಯಲ್ಲೇ ದೋಷವಿತ್ತೋ, ಎಲ್ಲೋ ಹಲ್ಲಿ ಹಿಡಿದು ತಿಂದಿತ್ತೋ, ಇವತ್ತಿಗೂ ಗೊತ್ತಿಲ್ಲ.

ಈಗ ಅಮೆರಿಕದ ಕಥೆ. 2007ರ ಮಾರ್ಚ್ 16ರಂದು ಕೆನಡಾದ ಮೆನು ಫುಡ್ಸ್ ಎಂಬ ಕಂಪನಿ, ಗ್ರೇವಿಯಲ್ಲಿ ತುಂಡುಗಳಿರುವ ತನ್ನ ಡಬ್ಬಿ-ಪೊಟ್ಟಣಗಳನ್ನು ವಾಪಸ್ ಕರೆಯಿತು. ಒಟ್ಟು ಸುಮಾರು 6 ಕೋಟಿ. ಜನರನ್ನು ಬೆಚ್ಚಿಬೀಳಿಸಿದ್ದು ಸಂಖ್ಯೆಯಷ್ಟೇ ಅಲ್ಲ. ಅಗ್ಗದ್ದು, ದುಬಾರಿಯದ್ದು, ಸೂಪರ್ ಮಾರ್ಕೆಟ್ಟಿನ ಸ್ವಂತ ಹೆಸರಿನದ್ದು ಎಂದು ಹತ್ತಿರ ಹತ್ತಿರ ನೂರು ಬ್ರಾಂಡುಗಳು ಪಟ್ಟಿಯಲ್ಲಿದ್ದವು, ಎಲ್ಲವೂ ಒಂದೇ ಕಂಪನಿಯ ಒಲೆಯಲ್ಲಿ ಬೆಂದವು. ಹೆಚ್ಚು ದುಡ್ಡು ಕೊಟ್ಟು 'ಒಳ್ಳೆಯದು' ತಂದವರೂ ಅದೇ ಸಾಲಿನಲ್ಲಿ ನಿಂತರು.

ಬೆಕ್ಕು-ನಾಯಿಗಳ ಮೂತ್ರಪಿಂಡ ಏಕಾಏಕಿ ಕೈಕೊಡುತ್ತಿತ್ತು. ಮೊದಲು ಇಲಿಪಾಷಾಣದ ಮೇಲೆ ಅನುಮಾನ ಹೋಯಿತು. ಮಾರ್ಚ್ ಮುಗಿಯುವ ಹೊತ್ತಿಗೆ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಂಡದ್ದು ಮೆಲಮೈನ್. ಹೌದು, ನಮ್ಮ ಮದುವೆ ಮನೆಗಳಲ್ಲಿ ಊಟದ ತಟ್ಟೆಯಾಗಿ ಬರುವ ಆ ಪ್ಲಾಸ್ಟಿಕ್ಕಿನ ಮೂಲವಸ್ತು. ಚೀನಾದಿಂದ ಬಂದ, ಗೋಧಿಯ ಪ್ರೋಟೀನಾದ ಗ್ಲುಟೆನ್‌ನಲ್ಲಿ ಅದು ಬೆರೆತಿತ್ತು. ಆಮೇಲೆ ಅಕ್ಕಿಯ ಪ್ರೋಟೀನಿನಲ್ಲೂ ಸಿಕ್ಕಿತು.

ತಿಂಡಿಗೆ ಪ್ಲಾಸ್ಟಿಕ್ಕಿನ ಪುಡಿ ಏಕೆ? ಹಳ್ಳಿಯ ಡೇರಿಗೆ ಹಾಲು ಹಾಕಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಹೇಳುತ್ತದೆ. ನೀರಿನ ಜೊತೆ ಸಕ್ಕರೆಯನ್ನೂ ಬೆರೆಸಿದರೆ ಅದು ಸುಮ್ಮನಾಗುತ್ತದೆ. ಪ್ರೋಟೀನಿನ ಹಳೆಯ ಪರೀಕ್ಷೆಯೂ ಹಾಗೆಯೇ. ಅದು ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಸಿಕ್ಕಿದ್ದನ್ನು 6.25ರಿಂದ ಗುಣಿಸಿ 'ಇಷ್ಟು ಪ್ರೋಟೀನ್' ಎಂದು ಬರೆಯುತ್ತಾರೆ. ಮೆಲಮೈನ್ ತೂಕದ ಮೂರನೇ ಎರಡು ಭಾಗ ಸಾರಜನಕವೇ. ನೂರು ಕಿಲೋ ಹಿಟ್ಟಿಗೆ ಒಂದು ಕಿಲೋ ಸುರಿದರೆ ಕಾಗದದ ಮೇಲೆ ನಾಲ್ಕು ಕಿಲೋ ಪ್ರೋಟೀನ್ ಏರುತ್ತದೆ. ಅದರ ಜೊತೆಗೇ ಸಯನ್ಯೂರಿಕ್ ಆಮ್ಲ ಎಂಬ ಇನ್ನೊಂದು ರಾಸಾಯನಿಕವೂ ಇತ್ತು. ಎರಡೂ ಮೂತ್ರಪಿಂಡದಲ್ಲಿ ಸಂಧಿಸಿದಾಗ ಹರಳುಗಟ್ಟಿ ನಾಳಗಳನ್ನು ಮುಚ್ಚಿದವು. ಮರುವರ್ಷ ಇದೇ ಮೆಲಮೈನ್ ಚೀನಾದ ಮಕ್ಕಳ ಹಾಲಿನ ಪುಡಿಯಲ್ಲಿ ಸಿಕ್ಕಿ, ಸುಮಾರು 3 ಲಕ್ಷ ಕೂಸುಗಳು ಕಾಯಿಲೆ ಬಿದ್ದವು. 2007ರಲ್ಲಿ ಬೆಕ್ಕುಗಳು ಸತ್ತಾಗಲೇ ಗಂಟೆ ಬಾರಿಸಿತ್ತು, ಕೇಳಿಸಿಕೊಳ್ಳಬೇಕಾದವರಿಗೆ ಕೇಳಿಸಲಿಲ್ಲ.

ಇನ್ನೊಂದು ಅಪಾಯ ನಮ್ಮ ಹವೆಗೆ ಇನ್ನೂ ಹತ್ತಿರದ್ದು: ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕಿದರೆ ಸಿಕ್ಕಿದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಅಫ್ಲಟಾಕ್ಸಿನ್ ಎಂಬ ವಿಷ ಜಗತ್ತಿಗೆ ಪರಿಚಯವಾದದ್ದು ಹಾಗೆ. ಮೆಕ್ಕೆಜೋಳಕ್ಕೂ ಅದು ಹತ್ತುತ್ತದೆ, ಒಣ ನಾಯಿ ತಿಂಡಿಯ ಬಹುಪಾಲು ಎಷ್ಟೋ ಸಲ ಮೆಕ್ಕೆಜೋಳವೇ. 2020ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಮಿಡ್‌ವೆಸ್ಟರ್ನ್ ಪೆಟ್ ಫುಡ್ಸ್ ಇದೇ ಕಾರಣಕ್ಕೆ ಸರಕು ಹಿಂಪಡೆಯಿತು. ಮುಂದಿನ ತಿಂಗಳ ಹೊತ್ತಿಗೆ 110ಕ್ಕೂ ಹೆಚ್ಚು ನಾಯಿಗಳು ಸತ್ತ ವರದಿಗಳು ಎಫ್‌ಡಿಎಗೆ ಬಂದಿದ್ದವು. ಕುದಿಸಿದರೂ ಹುರಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಬಿಸ್ಕತ್ತಿನ ಮೇಲೆ ಬೂಷ್ಟು ಕಾಣಬೇಕೆಂದೂ ಇಲ್ಲ. ನಾಯಿ ಮಂಕಾಗಿ, ಊಟ ಬಿಟ್ಟು, ವಸಡು ಅಥವಾ ಕಣ್ಣಿನ ಬಿಳಿ ಹಳದಿಗೆ ತಿರುಗಿದರೆ ನಾಳೆ ನೋಡೋಣ ಎನ್ನಬೇಡಿ. ನಿಮ್ಮದು ಶಿವಮೊಗ್ಗ. ಆಷಾಢದಲ್ಲಿ ಬಾಯಿ ತೆರೆದಿಟ್ಟ ಚೀಲ ಹೇಗಾಗುತ್ತದೆಂದು ನಾನು ಹೇಳಬೇಕಿಲ್ಲ. ಹತ್ತು ಕಿಲೋ ಅಗ್ಗವೆಂದು ತಂದು ಮೂರು ತಿಂಗಳು ಇಡುವುದಕ್ಕಿಂತ ತಿಂಗಳಿಗಾಗುವಷ್ಟೇ ತರುವುದು ಲಾಭ.

ನಾವೆಲ್ಲ ಮಾಡುವ ಒಂದು ಕೆಲಸವಿದೆ. ತಿಂಡಿಯನ್ನು ಸ್ಟೀಲ್ ಡಬ್ಬಿಗೋ ಹಳೆಯ ಹಿಟ್ಟಿನ ಡ್ರಮ್ಮಿಗೋ ಸುರಿದು ಚೀಲವನ್ನು ಕಸಕ್ಕೆ ಹಾಕುತ್ತೇವೆ. ಬ್ಯಾಚ್ ನಂಬರು ಅಲ್ಲಿಗೆ ಮುಗಿಯಿತು. ನಾಳೆ ಕಂಪನಿಯೇ ಪ್ರಕಟಣೆ ಹೊರಡಿಸಿದರೂ ನಿಮ್ಮ ಡ್ರಮ್ಮಿನಲ್ಲಿರುವುದು ಅದೇ ಸರಕೋ ಅಲ್ಲವೋ ಹೇಳಲಾಗದು. ಚೀಲದ ಸಮೇತ ಡ್ರಮ್ಮಿಗೆ ಇಳಿಸಿ, ಬಾಯಿ ಮಡಚಿ ಕ್ಲಿಪ್ ಹಾಕಿ. ಅದೂ ಬೇಜಾರಾದರೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ: ಹೆಸರು, ಬ್ಯಾಚ್, ತಯಾರಾದ ದಿನ, ಸಣ್ಣಕ್ಷರದ 'ತಯಾರಕರು' ಎಂಬ ಸಾಲು. ಆ ಸಣ್ಣಕ್ಷರವೇ ಮುಖ್ಯ, ಮೆನು ಫುಡ್ಸ್‌ನ ಹೆಸರನ್ನು ಆ ತಿಂಡಿ ಹಾಕುತ್ತಿದ್ದ ಹೆಚ್ಚಿನವರು ಕೇಳಿರಲೇ ಇಲ್ಲ.

ಅನುಮಾನ ಬಂದ ಸರಕನ್ನು ನಿಲ್ಲಿಸಿ, ಒಂದು ಹಿಡಿಯನ್ನು ಕಟ್ಟಿಡಿ, ಡಾಕ್ಟರಿಗೆ ಬೇಕಾಗಬಹುದು. ಉಳಿದದ್ದನ್ನು ದಯವಿಟ್ಟು ಬೀದಿ ನಾಯಿಗಳಿಗೆ ಹಾಕಬೇಡಿ. "ವೇಸ್ಟ್ ಆಗ್ತದಲ್ಲ" ಎಂದು ಹಾಗೆ ಮಾಡಿದವರನ್ನು ಕಂಡಿದ್ದೇನೆ. ಮುಟ್ಟಿದ ಮೇಲೆ ಕೈ ತೊಳೆಯಿರಿ: 2012ರಲ್ಲಿ ಅಮೆರಿಕ, ಕೆನಡಾಗಳಲ್ಲಿ ಒಣ ನಾಯಿ ತಿಂಡಿಯಲ್ಲಿದ್ದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ 49 ಜನರೇ ಕಾಯಿಲೆ ಬಿದ್ದಿದ್ದರು.

ದೂರು ಎಲ್ಲಿ ಕೊಡುವುದು? ನಮ್ಮ 2006ರ ಆಹಾರ ಸುರಕ್ಷತೆ ಕಾಯ್ದೆ ಪ್ರಾಣಿಗಳ ಮೇವನ್ನು 'ಆಹಾರ' ಎಂಬ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ನೀವು ದುಡ್ಡು ಕೊಟ್ಟ ಗ್ರಾಹಕರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪಾಯಕಾರಿ ಸರಕನ್ನು ವಾಪಸ್ ಪಡೆಯಿರಿ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆದೇಶಿಸಬಹುದು. ಗ್ರಾಹಕ ಸಹಾಯವಾಣಿ 1915. ಬಿಲ್ಲು, ಚೀಲ, ಡಾಕ್ಟರ ಚೀಟಿ ಇಲ್ಲದೆ ಕರೆ ಮಾಡಿದರೆ ಮಾತ್ರ ನನ್ನ ಬಿಳಿ ಕವರಿನ ಕಥೆಯೇ ಆಗುತ್ತದೆ.

ಅನ್ನ-ಮೊಸರಿನ ಪ್ರಶ್ನೆಗೆ ನಾಯಿಗೊಂದು ಉತ್ತರ, ಬೆಕ್ಕಿಗೊಂದು. ನಾಯಿಯನ್ನು ಮನೆ ಅಡುಗೆಯಲ್ಲಿ ಸಾಕಬಹುದು, ಅನ್ನದ ಜೊತೆ ಮೊಟ್ಟೆ, ಮಾಂಸ, ತರಕಾರಿ ಬೇಕು. ಎಷ್ಟೆಷ್ಟು ಎಂದು ಡಾಕ್ಟರನ್ನು ಕೇಳಿ. ನಮ್ಮ ಸಾರು-ಹುಳಿ ಕಲಸಿದ ಅನ್ನ ಮಾತ್ರ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿ-ಬೆಕ್ಕುಗಳ ಕೆಂಪು ರಕ್ತಕಣ ಒಡೆಯುತ್ತವೆ. ದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುವುದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಈಚೆಗೆ ಪಶುವೈದ್ಯರು ಬಲವಾಗಿ ಅನುಮಾನಿಸುತ್ತಿದ್ದಾರೆ, ಹುಣಸೆಹಣ್ಣಿನ ಹುಳಿಯೂ ಅದೇ ಆಮ್ಲ. ಬೆಕ್ಕಿಗಂತೂ ಅನ್ನ-ಹಾಲು ಊಟವೇ ಅಲ್ಲ. ಮಾಂಸ-ಮೀನಿನಲ್ಲಿರುವ ಟೌರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಅದರ ಕಣ್ಣು ಮಂಜಾಗುತ್ತದೆ, ಹೃದಯ ಹಿಗ್ಗುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೃದಯದ ಈ ತೊಂದರೆಯ ಕಾರಣ ಪತ್ತೆಯಾದಾಗ ಆ ಬೆಕ್ಕುಗಳು ತಿನ್ನುತ್ತಿದ್ದದ್ದೂ ಅಂಗಡಿಯ ತಿಂಡಿಯನ್ನೇ, ಆಮೇಲೆ ಕಂಪನಿಗಳು ಟೌರಿನ್ ಹೆಚ್ಚಿಸಿದವು. ಹಾಗಾಗಿ ಬೆಕ್ಕುಗಳಿಗೆ ಪ್ಯಾಕೆಟ್ ಮುಂದುವರಿಸಿ. ಹಸಿ ಕೋಳಿ ಬೇಡ. 2024ರ ಡಿಸೆಂಬರಿನಲ್ಲಿ ಒರೆಗಾನ್‌ನಲ್ಲಿ ಮನೆಯಿಂದ ಹೊರಗೇ ಹೋಗದ ಬೆಕ್ಕೊಂದು ಹಸಿ ಟರ್ಕಿ ಮಾಂಸದ ತಿಂಡಿಯಿಂದ ಹಕ್ಕಿಜ್ವರ ತಗುಲಿ ಸತ್ತಿತು.

ಪತ್ರದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸೇರಿಸಿದ್ದೀರಿ: "ಚಿಕ್ಕ ಬೆಕ್ಕಿಗೆ ಮೈ ಬಿಸಿ ಇದೆ, ಪ್ಯಾರಾಸಿಟಮಾಲ್ ಅರ್ಧ ಕೊಡಬಹುದಾ?" ಇದಕ್ಕೆ ಪತ್ರಿಕೆ ಬರುವ ತನಕ ಕಾಯಿಸಬಾರದೆಂದು ಅಂದೇ ಫೋನ್ ಮಾಡಿದ್ದೆ, ಬೇರೆ ಓದುಗರಿಗಾಗಿ ಬರೆಯುತ್ತಿದ್ದೇನೆ. ಅರ್ಧವಲ್ಲ, ಕಾಲು ಮಾತ್ರೆಯೂ ಬೇಡ. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಕರಗಿಸುವ ಶಕ್ತಿಯಿಲ್ಲ. ಕೆಲವೇ ಗಂಟೆಗಳಲ್ಲಿ ರಕ್ತ ಆಮ್ಲಜನಕ ಹೊರುವುದನ್ನು ಬಿಡುತ್ತದೆ, ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಯಾರಾದರೂ ಈಗಾಗಲೇ ಕೊಟ್ಟಿದ್ದರೆ ರಾತ್ರಿಯಾದರೂ ಸರಿ, ಡಾಕ್ಟರ ಬಳಿ ಹೊರಡಿ. ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೂ ಜೇಬಿಗೆ ಹಾಕಿಕೊಳ್ಳಿ, ಎಷ್ಟು ಮಿಲಿಗ್ರಾಂ ಎಂದು ಅವರು ಕೇಳಿಯೇ ಕೇಳುತ್ತಾರೆ.

— ಸಂಪಾದಕ